ಆಸೆ, ಗುರಿ ಮತ್ತು ನಿಯ್ಯತ್



ಊರಿನಿಂದ ಹೊರಡುವಾಗ ನಮ್ಮೆಲ್ಲರ ಬಾಯಲ್ಲೂ ಒಂದೊಂದು ಮಾತಿತ್ತು. ‘ಐದು ವರ್ಷ ದುಡಿದು ಒಂದು ಮನೆ ಕಟ್ಟಿ ವಾಪಸ್ ಬರುತ್ತೇನೆ’ ಎಂದವರು ಕೆಲವರು. ‘ಓದು ಮುಗಿಸಿ ಒಳ್ಳೆಯ ಕೆಲಸ ಹಿಡಿಯುತ್ತೇನೆ’ ಎಂದವರು ಕೆಲವರು. ‘ತಂಗಿಯ ಮದುವೆಯ ಸಾಲ ತೀರಿದರೆ ಸಾಕು’ ಎಂದವರು ಇನ್ನು ಕೆಲವರು. ಇಂದು ನಮ್ಮಲ್ಲಿ ಕೆಲವರು ಮೆಲ್ಬರ್ನಿನ ಟ್ರುಗನೀನಾ, ಡ್ಯಾಂಡೆನಾಂಗ್ ಕಡೆಯ ವೇರ್‌ಹೌಸ್‌ಗಳಲ್ಲಿ ರಾತ್ರಿ ಶಿಫ್ಟ್ ಮಾಡುತ್ತಿದ್ದಾರೆ. ಕೆಲವರು ಸಿಡ್ನಿಯ ಪಶ್ಚಿಮದಲ್ಲಿ ಡೆಲಿವರಿ ವ್ಯಾನ್ ಓಡಿಸುತ್ತಿದ್ದಾರೆ. ಗುರಿ ಎಲ್ಲಿಗೆ ಬಂತು ಎಂದು ಕೇಳಿದರೆ ಬಹಳಷ್ಟು ಮಂದಿ ಅದೇ ಮಾತನ್ನು ಮತ್ತೆ ಹೇಳುತ್ತಾರೆ. ಮಾತು ಬದಲಾಗಿಲ್ಲ, ವರ್ಷ ಬದಲಾಗಿದೆ.

ಇದರಲ್ಲಿ ಯಾರದೂ ಸುಳ್ಳಿಲ್ಲ. ಅಂದು ಹೇಳಿದವನು ಮನಸಾರೆ ಹೇಳಿದ್ದಾನೆ, ಇಂದೂ ಮನಸಾರೆ ಹೇಳುತ್ತಿದ್ದಾನೆ. ಹಾಗಾದರೆ ಒಂದನ್ನು ಮನಸಾರೆ ಬಯಸುವುದಕ್ಕೂ ಅದಕ್ಕೆ ನಿಜವಾಗಿ ಬದ್ಧನಾಗಿರುವುದಕ್ಕೂ ಇರುವ ವ್ಯತ್ಯಾಸವೇನು? ಈ ರಮಝಾನಿನಲ್ಲಿ ನಿಮ್ಮೊಂದಿಗೆ ಈ ಪ್ರಶ್ನೆಯ ಬಗ್ಗೆ ಸ್ವಲ್ಪ ಮಾತನಾಡಬೇಕೆಂದಿದ್ದೇನೆ. ನಾನು ಆಲಿಮ್ ಅಲ್ಲ. ಬಿ.ಕಾಂ. ಓದಿ ಲೆಕ್ಕ ಬರೆಯುವವನು, ಚಿಕ್ಕಂದಿನಲ್ಲಿ ಮದ್ರಸದಲ್ಲಿ ಉಸ್ತಾದರ ಮುಂದೆ ಕುಳಿತು ಕಲಿತವನು. ಈ ಎರಡು ಕಡೆ ಕಲಿತದ್ದರಿಂದಲೇ ಉತ್ತರ ಹುಡುಕುತ್ತೇನೆ.

ಬಜೆಟ್ ಬೇರೆ, ಖಾತೆ ಬೇರೆ

ಲೆಕ್ಕದ ಕೆಲಸದಲ್ಲಿ ಎರಡು ಕಾಗದಗಳಿವೆ. ಮುಂದೆ ಏನು ಮಾಡಬೇಕೆಂದಿದ್ದೇವೆ ಎಂದು ಹೇಳುವುದು ಬಜೆಟ್. ನಿಜವಾಗಿ ಏನಾಯಿತು ಎಂದು ಹೇಳುವುದು ಖಾತೆ ಪುಸ್ತಕ. ಇಲ್ಲಿ ಜೂನ್ 30ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಆಗ ತೆರಿಗೆ ಕಚೇರಿ ನಿಮ್ಮ ಬಜೆಟ್ ಕೇಳುವುದಿಲ್ಲ, ಖಾತೆಯನ್ನೇ ಕೇಳುತ್ತದೆ.

ನಮ್ಮ ಗುರಿಯ ವಿಷಯದಲ್ಲಿ ನಾವು ಒಬ್ಬರಿಗೊಬ್ಬರು ತೋರಿಸುವುದು ಬಜೆಟ್ಟನ್ನು. ಒಮ್ಮೆ ಖಾತೆಯನ್ನೂ ತೆರೆದು ನೋಡಿ. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ರೋಸ್ಟರ್ ಎದುರಿಗೆ ಇಟ್ಟುಕೊಳ್ಳಿ. ನಿಮ್ಮ ಗುರಿಗಾಗಿ ಎಷ್ಟು ಡಾಲರ್ ಹೋಗಿದೆ? ಎಷ್ಟು ಗಂಟೆ ಹೋಗಿದೆ? ಬೇರೆ ಯಾವುದಕ್ಕೋ ಬೇಕಾಗಿದ್ದ ಏನನ್ನಾದರೂ ಅದಕ್ಕಾಗಿ ಬಿಟ್ಟುಕೊಟ್ಟಿದ್ದೀರಾ? ಬಯಕೆಗೆ ಖರ್ಚಿಲ್ಲ. ಬದ್ಧತೆಗೆ ಯಾವಾಗಲೂ ಒಂದು ಬೆಲೆಯಿದೆ, ಬೆಲೆ ಕೊಟ್ಟದ್ದು ಖಾತೆಯಲ್ಲಿ ಕಂಡೇ ಕಾಣುತ್ತದೆ. ಮೂರು ತಿಂಗಳಲ್ಲಿ ಒಂದು ಡಾಲರೂ ಇಲ್ಲ, ಒಂದು ಗಂಟೆಯೂ ಇಲ್ಲ ಎಂದಾದರೆ ಅದು ಸದ್ಯಕ್ಕೆ ಆಸೆ. ಆಸೆ ಇರುವುದು ತಪ್ಪಲ್ಲ. ಅದನ್ನು ಗುರಿ ಎಂದು ಕರೆದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಳ್ಳುವುದರಿಂದ ಮಾತ್ರ ನಷ್ಟ.

ಆದರೆ ಖಾತೆ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ‘ನಾನು ಕೈಲಾಗದವನು, ಓದಬೇಕೆಂದು ಬಂದು ಓದಲಿಲ್ಲ’ ಎಂದು ತನ್ನನ್ನೇ ಹಳಿದುಕೊಳ್ಳುವ ಸಹೋದರರನ್ನು ನೋಡಿದ್ದೇನೆ. ಅಂಥವರ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ವರ್ಷಗಟ್ಟಲೆ, ಒಂದು ತಿಂಗಳೂ ತಪ್ಪದೆ, ಸಂಬಳ ಬಂದ ಮರುದಿನವೇ ಊರಿಗೆ ದುಡ್ಡು ಹೋಗಿರುತ್ತದೆ. ಉಮ್ಮನ ಔಷಧಿ, ತಮ್ಮನ ಕಾಲೇಜು ಫೀಸು, ಮನೆಯ ಸಾಲದ ಕಂತು. ಇವರಿಗೆ ಬದ್ಧತೆ ಇಲ್ಲ ಎನ್ನುವವರು ಯಾರು? ಅವರ ಬದ್ಧತೆ ಕಲ್ಲಿನಂತೆ ಗಟ್ಟಿ. ಅವರು ಅದಕ್ಕೆ ಗುರಿ ಎಂಬ ಹೆಸರನ್ನು ಕೊಟ್ಟಿಲ್ಲ, ಅಷ್ಟೇ. ತಾನು ನಿಜವಾಗಿ ಯಾವುದಕ್ಕೆ ಬದ್ಧನಾಗಿದ್ದೇನೆ ಎಂದು ತಿಳಿದವನಿಗೆ ಅರ್ಧ ಭಾರ ಇಳಿಯುತ್ತದೆ. ಖಾತೆ ಯಾರನ್ನೂ ಬೈಯುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ.

ಪ್ರತಿ ರಾತ್ರಿಯ ನಿಯ್ಯತ್

ಈಗ ಮದ್ರಸದ ಪಾಠಕ್ಕೆ ಬರೋಣ. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹವನ್ನು ನಿಯ್ಯತ್‌ನ ಹದೀಸಿನಿಂದಲೇ ಆರಂಭಿಸಿದ್ದಾರೆ. ಅದರಲ್ಲಿ ಬರುವ ಉದಾಹರಣೆ ಯಾರದು ಗೊತ್ತೇ? ಊರು ಬಿಟ್ಟು ಹೊರಟವನದು. ಯಾರು ಯಾವುದಕ್ಕಾಗಿ ಹಿಜ್ರತ್ ಹೊರಟನೋ ಅವನ ಪಾಲಿಗೆ ಇರುವುದು ಅದೇ ಎಂಬುದು ಅದರ ಸಾರ. ಊರು ಬಿಟ್ಟು ಬಂದ ನಾವು ಈ ಹದೀಸನ್ನು ನಮ್ಮನ್ನೇ ಕುರಿತು ಹೇಳಿದಂತೆ ಓದಿಕೊಳ್ಳಬೇಕು.

ನಮ್ಮ ಕರಾವಳಿಯ ಹೆಚ್ಚಿನವರು ಶಾಫಿಈ ಮದ್‌ಹಬಿನವರು. ಉಸ್ತಾದರು ಕಲಿಸಿದ್ದು ನೆನಪಿದೆಯೇ? ರಮಝಾನಿನ ಫರ್ಝ್ ಉಪವಾಸಕ್ಕೆ ಪ್ರತಿ ರಾತ್ರಿಯೂ, ಸುಬಹಿಗೆ ಮೊದಲು, ನಿಯ್ಯತ್ ಮಾಡಲೇಬೇಕು. ಹನಫಿ ಸಹೋದರರಿಗೆ ಸಮಯದಲ್ಲಿ ಸ್ವಲ್ಪ ರಿಯಾಯಿತಿ ಇದೆ, ಆದರೆ ಅವರಲ್ಲೂ ಪ್ರತಿ ದಿನಕ್ಕೆ ಬೇರೆ ನಿಯ್ಯತ್ ಬೇಕು. ಮಾಲಿಕಿ ಮದ್‌ಹಬಿನಲ್ಲಿ ತಿಂಗಳ ಆರಂಭದಲ್ಲಿ ಒಮ್ಮೆ ಮಾಡಿದರೂ ಸಾಕಾಗುತ್ತದೆ. ವಿಧಿಗಳ ವಿವರಕ್ಕೆ ಉಲಮಾಗಳಿದ್ದಾರೆ. ನಾನು ಹೇಳಹೊರಟಿರುವುದು ಅದರೊಳಗಿನ ಒಂದು ತಿಳಿವಳಿಕೆಯ ಬಗ್ಗೆ. ಮೂವತ್ತು ದಿನಗಳನ್ನು ಒಂದೇ ಶಪಥದ ಬಲದಿಂದ ದಾಟಬಲ್ಲೆ ಎಂದು ನಂಬಿ ಮನುಷ್ಯನನ್ನು ಬಿಟ್ಟಿಲ್ಲ. ನಿನ್ನೆಯ ನಿರ್ಧಾರ ನಿನ್ನೆಗಾಯಿತು. ಇಂದು ರಾತ್ರಿ ನಾಳೆಯ ಒಂದು ದಿನವನ್ನು ಮತ್ತೆ ಎತ್ತಿಕೊಳ್ಳಬೇಕು.

ಆ ನಿಯ್ಯತ್‌ನಲ್ಲಿ ಇನ್ನೊಂದು ಅಂಶವೂ ಇದೆ. ‘ಉಪವಾಸ ಮಾಡುತ್ತೇನೆ’ ಎಂದರೆ ಸಾಲದು. ಯಾವ ಉಪವಾಸ, ಯಾವ ದಿನದ್ದು ಎಂಬುದು ಮನಸ್ಸಿನಲ್ಲಿ ಸ್ಪಷ್ಟವಿರಬೇಕು. ಪೀಟರ್ ಗೊಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಬಹಳ ಹೆಸರಾಗಿದೆ. ಬರೀ ‘ಮಾಡುತ್ತೇನೆ’ ಎಂದುಕೊಳ್ಳುವವರಿಗಿಂತ ‘ಇಂಥ ಹೊತ್ತಿಗೆ, ಇಂಥ ಕಡೆ, ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೇಳಿದ್ದನ್ನು ಮಾಡಿ ಮುಗಿಸುವುದು ಹೆಚ್ಚು ಎಂಬುದು ಅದರ ತಿರುಳು. ನಮಗೆ ಇದು ಹೊಸದೇನಲ್ಲ. ‘ಇಂಗ್ಲಿಷ್ ಕಲಿಯಬೇಕು’ ಎಂಬುದು ಬಯಕೆ. ‘ನಾಳೆ ಬ್ರೇಕ್‌ನ ಇಪ್ಪತ್ತು ನಿಮಿಷ ಪಿಟಿಇಯ ಒಂದು ಪಾಠ ಕೇಳುತ್ತೇನೆ’ ಎಂಬುದು ನಿಯ್ಯತ್. ಸ್ವಲ್ಪವೇ ಆದರೂ ಬಿಡದೆ ಮಾಡುವ ಕೆಲಸ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಪ್ರವಾದಿಯವರು(ಸ) ಕಲಿಸಿದ್ದನ್ನು ನಾವು ನಮಾಝು, ದಿಕ್ರ್‌ಗಳಿಗೆ ಮಾತ್ರ ಅನ್ವಯಿಸುತ್ತೇವೆ. ಓದಿಗೆ, ಉಳಿತಾಯಕ್ಕೆ, ಸಾಲ ತೀರಿಸುವುದಕ್ಕೆ ಯಾಕೆ ಅನ್ವಯಿಸಬಾರದು?

ಕಿತ್ತಳೆ ಬುಟ್ಟಿಯಿಂದ ಶಾಲೆಗೆ

ಮಾತಿನಲ್ಲಿ ಹೇಳಿದ್ದು ಬದುಕಿನಲ್ಲಿ ಹೇಗಿರುತ್ತದೆ ಎಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡದವರಿಗೆ ಹರೇಕಳ ಹಾಜಬ್ಬರನ್ನು ಪರಿಚಯಿಸುವ ಅಗತ್ಯವಿಲ್ಲ. ಕಲಬುರಗಿ, ವಿಜಯಪುರ, ಹುಬ್ಬಳ್ಳಿ ಕಡೆಯ ಸಹೋದರರಿಗಾಗಿ ಹೇಳುತ್ತೇನೆ. ನೇತ್ರಾವತಿಯ ದಡದ ಹರೇಕಳ ಗ್ರಾಮದ ನ್ಯೂಪಡ್ಪು ಅವರ ಊರು. ಶಾಲೆಯ ಮೆಟ್ಟಿಲು ಹತ್ತದ ಅವರು ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಇಟ್ಟು ಕಿತ್ತಳೆ ಮಾರುತ್ತಿದ್ದರು. ದಿನದ ಸಂಪಾದನೆ ನೂರೈವತ್ತು ರೂಪಾಯಿಯ ಆಸುಪಾಸು. ಒಂದು ದಿನ ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಹಾಜಬ್ಬರಿಗೆ ಅರ್ಥವಾಗಲಿಲ್ಲ.

ಇಂಥ ಮುಜುಗರ ನಮಗ್ಯಾರಿಗೆ ಆಗಿಲ್ಲ? ಈ ದೇಶಕ್ಕೆ ಬಂದ ಮೊದಲ ವಾರದಲ್ಲಿ ಸೂಪರ್‌ವೈಸರ್ ಹೇಳಿದ್ದು ತಿಳಿಯದೆ ತಲೆಯಾಡಿಸಿದವರು ನಮ್ಮಲ್ಲಿ ಎಷ್ಟು ಮಂದಿ! ಸಾಮಾನ್ಯವಾಗಿ ನಾವು ಅದನ್ನು ರಾತ್ರಿ ನೆನೆದು ನಾಚಿಕೊಂಡು ಮರೆಯುತ್ತೇವೆ. ಹಾಜಬ್ಬರು ಮರೆಯಲಿಲ್ಲ. ತನ್ನ ಊರಿನಲ್ಲಿ ಶಾಲೆಯೇ ಇಲ್ಲ, ಅಲ್ಲಿನ ಮಕ್ಕಳಿಗೂ ಇದೇ ಗತಿ ಬರಬಾರದು ಎಂದು ತೀರ್ಮಾನಿಸಿದರು. ಅದು ಒಂದು ದಿನದ ತೀರ್ಮಾನ. ಅದನ್ನು ಈಡೇರಿಸಲು ಹಿಡಿದದ್ದು ವರ್ಷಗಳು. ಹಣ್ಣು ಮಾರಿ ಉಳಿಸಿದ ದುಡ್ಡನ್ನು ಶಾಲೆಗೆಂದು ಎತ್ತಿಡುವುದು, ಅಧಿಕಾರಿಗಳ, ಜನಪ್ರತಿನಿಧಿಗಳ ಬಾಗಿಲಿಗೆ ಅಲೆಯುವುದು, ಮರುದಿನ ಮತ್ತೆ ಬುಟ್ಟಿ ಹಿಡಿದು ಪೇಟೆಗೆ ಹೋಗುವುದು. ಕೊನೆಗೆ ಸುಮಾರು ಕಾಲು ಶತಮಾನದ ಹಿಂದೆ 28 ಮಕ್ಕಳೊಂದಿಗೆ ಶಾಲೆ ಆರಂಭವಾಯಿತು. ಕಟ್ಟಡ ಇರಲಿಲ್ಲ, ಊರಿನ ಮದ್ರಸದಲ್ಲೇ ತರಗತಿ ನಡೆಯಿತು. ಆಮೇಲೆ ಜಾಗ, ಕಟ್ಟಡ, ಹೈಸ್ಕೂಲು ಎಲ್ಲ ಒಂದೊಂದಾಗಿ ಬಂದವು. ತನಗೆ ಸಿಕ್ಕ ಪ್ರಶಸ್ತಿಗಳ ಹಣವನ್ನೂ ಅವರು ಶಾಲೆಗೇ ಹಾಕಿದರು.

2020ರ ಜನವರಿ 25ರಂದು ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆ ಸುದ್ದಿ ಬಂದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು ಎಂದು ಪತ್ರಿಕೆಗಳು ಬರೆದವು. 2021ರ ನವೆಂಬರ್ 8ರಂದು ದೆಹಲಿಯಲ್ಲಿ ಬರಿಗಾಲಲ್ಲಿ ನಡೆದು ಹೋಗಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಪ್ರಶಸ್ತಿ ಸ್ವೀಕರಿಸಿದರು. ಅಷ್ಟು ಹೊತ್ತಿಗೆ ಅವರ ಮನಸ್ಸು ಮುಂದಿನ ಕೆಲಸದ ಕಡೆ ಹೋಗಿತ್ತು. ಊರಿಗೆ ಒಂದು ಪಿ.ಯು. ಕಾಲೇಜು ಬೇಕೆಂದು ಅವರು ಕೇಳತೊಡಗಿದ್ದರು.

ಈ ಕಥೆಯನ್ನು ನಾವು ಚಪ್ಪಾಳೆ ತಟ್ಟಿ ಮುಗಿಸಿಬಿಡುತ್ತೇವೆ. ಸ್ವಲ್ಪ ನಿಂತು ನೋಡಿದರೆ ಮೂರು ಪಾಠಗಳಿವೆ.

ಮೊದಲನೆಯದು, ಅವರು ಕಿತ್ತಳೆ ಮಾರುವುದನ್ನು ಬಿಡಲಿಲ್ಲ. ಗುರಿಗಾಗಿ ಎಲ್ಲವನ್ನೂ ಬಿಟ್ಟು ಹೊರಡಬೇಕು ಎಂಬ ಮಾತು ಸಿನಿಮಾದಲ್ಲಿ ಚೆನ್ನಾಗಿರುತ್ತದೆ. ಮನೆ ನಡೆಸಬೇಕಾದವನಿಗೆ ಅದು ಆಗದ ಮಾತು. ಅವರ ಗುರಿ ಅವರ ದಿನದ ದುಡಿಮೆಯ ಒಳಗೇ ಜಾಗ ಮಾಡಿಕೊಂಡಿತು.

ಎರಡನೆಯದು, ಕಟ್ಟಡ ಬರುವ ತನಕ ಅವರು ಕಾಯಲಿಲ್ಲ. ಇದ್ದ ಮದ್ರಸದಲ್ಲಿ, ಇದ್ದ 28 ಮಕ್ಕಳೊಂದಿಗೆ ಶುರುವಾಯಿತು. ‘ಪಿ.ಆರ್. ಬರಲಿ, ಆಮೇಲೆ ಓದುತ್ತೇನೆ’, ‘ಒಳ್ಳೆಯ ಶಿಫ್ಟ್ ಸಿಗಲಿ, ಆಮೇಲೆ ಉಳಿಸುತ್ತೇನೆ’ ಎನ್ನುವ ನಮಗೆ ಇದು ನೇರವಾಗಿ ತಟ್ಟುವ ಪಾಠ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಹಾಜಬ್ಬರು ಎರಡನೇ ವರ್ಷದಲ್ಲಿ ಸುಮ್ಮನಾಗಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಕಿತ್ತಳೆ ಮಾರುವವನೊಬ್ಬ ಶಾಲೆ ಕಟ್ಟಲಿಲ್ಲ ಎಂದು ಯಾರು ದೂರುತ್ತಾರೆ? ಉಪವಾಸವೂ ಹೀಗೆಯೇ. ಕೋಲ್ಡ್ ರೂಮಿನ ಬಾಗಿಲ ಹಿಂದೆ ಒಂದು ಗುಟುಕು ನೀರು ಕುಡಿದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಫೆಬ್ರವರಿ-ಮಾರ್ಚ್‌ನ ಬಿಸಿಲಿನಲ್ಲಿ ಪ್ಯಾಲೆಟ್ ಎತ್ತುತ್ತಾ ನೀವು ಕುಡಿಯುವುದಿಲ್ಲ. ಕೇಳುವವರಿಲ್ಲದಾಗಲೂ ಉಳಿಯುವುದೇ ಬದ್ಧತೆ. ಅದು ನಿಮ್ಮಲ್ಲಿ ಇಲ್ಲ ಎಂದು ಹೇಳಬೇಡಿ. ಈ ತಿಂಗಳಲ್ಲಿ ದಿನವೂ ಅದನ್ನು ಮಾಡಿ ತೋರಿಸುತ್ತಿದ್ದೀರಿ.

ಇಲ್ಲೊಂದು ಎಚ್ಚರವೂ ಬೇಕು. ಹಾಜಬ್ಬರ ಹೆಸರು ನಮಗೆ ಗೊತ್ತಿರುವುದು ಶಾಲೆ ಆದದ್ದರಿಂದ. ಜಾಗ ಸಿಗದೇ ಹೋಗಿದ್ದರೆ, ಅನುಮತಿ ಬಾರದೇ ಹೋಗಿದ್ದರೆ ಅವರ ಬದ್ಧತೆ ಕಡಿಮೆಯಾಗುತ್ತಿತ್ತೇ? ಇಲ್ಲ. ಅಷ್ಟೇ ದುಡಿದು, ಅಷ್ಟೇ ಅಲೆದು, ಏನೂ ಕೈಗೂಡದೆ ಹೋದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಫಲ ಕೊಡುವವನು ಅಲ್ಲಾಹನು. ಆದ್ದರಿಂದ ಗೆದ್ದವನೆಲ್ಲ ಬದ್ಧನೆಂದೂ ಸೋತವನೆಲ್ಲ ಸೋಮಾರಿಯೆಂದೂ ಲೆಕ್ಕ ಹಾಕಬೇಡಿ. ಆ ಲೆಕ್ಕ ತಪ್ಪು.

ತಪ್ಪಿದ ದಿನದ ಲೆಕ್ಕ

ಗುರಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಕೈಬಿಡುವುದು ಮೊದಲ ಬಾರಿ ತಪ್ಪಿದಾಗ. ಒಂದು ವಾರ ಓದಿದರು, ಆಮೇಲೆ ಡಬಲ್ ಶಿಫ್ಟ್ ಬಂತು, ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ‘ಹೋಯಿತು, ಇನ್ನು ನನ್ನಿಂದಾಗದು’ ಎಂದು ಬಿಟ್ಟರು.

ನಮ್ಮ ದೀನ್ ಹೀಗೆ ಯೋಚಿಸಲು ಕಲಿಸಿಲ್ಲ. ಕಾಯಿಲೆ ಬಿದ್ದವನಿಗೆ, ಪ್ರಯಾಣದಲ್ಲಿರುವವನಿಗೆ ಉಪವಾಸ ಬಿಡಲು ಅನುಮತಿ ಇದೆ. ಬಿಟ್ಟ ದಿನಗಳನ್ನು ಎಣಿಸಿಟ್ಟು ಆಮೇಲೆ ಖಝಾ ಮಾಡಬೇಕು. ಒಂದು ದಿನ ತಪ್ಪಿತೆಂದು ತಿಂಗಳನ್ನೇ ಬಿಡುವವರಿಲ್ಲ. ತಪ್ಪಿದ ದಿನ ಲೆಕ್ಕದಿಂದ ಮಾಯವೂ ಆಗುವುದಿಲ್ಲ. ಅದು ಸಾಲವಾಗಿ ಉಳಿಯುತ್ತದೆ. ಒಂದೂ ದಿನ ತಪ್ಪದವನನ್ನು ಹುಡುಕಿದರೆ ಯಾರೂ ಸಿಗಲಿಕ್ಕಿಲ್ಲ. ತಪ್ಪಿದ್ದನ್ನು ಬರೆದಿಟ್ಟು ತೀರಿಸುವವನೇ ಬದ್ಧನಾದವನು.

ಬರೆದಿಡದಿದ್ದರೂ ತಡವಾದದ್ದಕ್ಕೆ ಬೆಲೆ ಇದ್ದೇ ಇರುತ್ತದೆ. ನಮ್ಮಲ್ಲಿ ಬಹಳಷ್ಟು ಮಂದಿಗೆ ಗೊತ್ತಿರುವ ಉದಾಹರಣೆ ಕೊಡುತ್ತೇನೆ. ಇಲ್ಲಿನ ಸ್ಕಿಲ್ಡ್ ವೀಸಾದ ಅಂಕಪಟ್ಟಿಯಲ್ಲಿ 25ರಿಂದ 32 ವಯಸ್ಸಿನವರಿಗೆ 30 ಅಂಕ. 33 ತುಂಬಿದರೆ ಅದು 25 ಆಗುತ್ತದೆ, 40 ತುಂಬಿದರೆ 15. 45ರ ನಂತರ ಆ ಬಾಗಿಲೇ ಮುಚ್ಚುತ್ತದೆ. ಅದೇ ಪಟ್ಟಿಯಲ್ಲಿ ಇಂಗ್ಲಿಷ್ ಪರೀಕ್ಷೆಯ ಮೇಲಿನ ಎರಡು ಮಟ್ಟಗಳಿಗೆ 10 ಮತ್ತು 20 ಅಂಕಗಳಿವೆ. ‘ಬರುವ ವರ್ಷ ಪರೀಕ್ಷೆ ಬರೆಯುತ್ತೇನೆ’ ಎಂದು ಮುಂದೂಡುವ ಸಹೋದರ ತಾನು ಏನನ್ನೂ ಕಳೆದುಕೊಳ್ಳುತ್ತಿಲ್ಲ ಎಂದುಕೊಂಡಿರುತ್ತಾನೆ. ಹುಟ್ಟುಹಬ್ಬ ಬಂದಾಗ ಅಂಕ ತಾನಾಗಿ ಇಳಿದಿರುತ್ತದೆ. ಇದು ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ. ‘ಇನ್ನೂ ಸಮಯವಿದೆ’ ಎಂಬ ಮಾತನ್ನು ಹೇಳುವ ಮೊದಲು ಎಷ್ಟು ಸಮಯವಿದೆ ಎಂದು ಎಣಿಸಿ ನೋಡಿ ಎಂದಷ್ಟೇ.

ಗುರಿಗೂ ಒಂದು ಮಿತಿ ಇದೆ

ಬದ್ಧತೆ ಎಂದರೆ ತನ್ನನ್ನು ಸುಟ್ಟುಕೊಳ್ಳುವುದು ಎಂದು ತಿಳಿದವರೂ ಇದ್ದಾರೆ. ಮನೆಯ ಕನಸಿಗಾಗಿ ಎರಡು ಕೆಲಸ ಹಿಡಿದು, ನಾಲ್ಕು ಗಂಟೆ ನಿದ್ದೆ ಮಾಡಿ, ನಿದ್ದೆಗಣ್ಣಲ್ಲೇ ಹೆದ್ದಾರಿಯಲ್ಲಿ ಗಾಡಿ ಓಡಿಸುವವರು. ಸ್ಟೂಡೆಂಟ್ ವೀಸಾದಲ್ಲಿ ಎರಡು ವಾರಕ್ಕೆ 48 ಗಂಟೆಯ ಮಿತಿ ಇರುವಾಗ ಅದನ್ನು ಮೀರಿ, ಕೈಗೆ ಕ್ಯಾಶ್ ಕೊಡುವವನ ಬಳಿ ದುಡಿದು, ಆಮೇಲೆ ಅವನು ಕೂಲಿ ಕೊಡದಿದ್ದರೂ ಬಾಯಿ ತೆರೆಯಲಾಗದೆ ಕುಳಿತವರು. ಹೆಂಡತಿ ಮಕ್ಕಳೊಂದಿಗೆ ವಾರಗಟ್ಟಲೆ ನೆಟ್ಟಗೆ ಮಾತನಾಡದವರು.

ಸಲ್ಮಾನ್ ಫಾರಿಸಿಯವರು(ರ) ತಮ್ಮ ಸ್ನೇಹಿತ ಅಬುದ್ದರ್ದಾರಿಗೆ(ರ) ಕೊಟ್ಟ ಬುದ್ಧಿಮಾತು ನೆನಪಿಸಿಕೊಳ್ಳಿ. ಅಬುದ್ದರ್ದಾರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟಾಗ, ಅಲ್ಲಾಹನಿಗೂ ಹಕ್ಕಿದೆ, ನಿನ್ನ ದೇಹಕ್ಕೂ ಮನೆಯವರಿಗೂ ಹಕ್ಕಿದೆ, ಅವರವರ ಹಕ್ಕು ಅವರವರಿಗೆ ಕೊಡು ಎಂದು ಅವರು ತಿಳಿಹೇಳಿದರು. ಪ್ರವಾದಿಯವರು(ಸ) ಅದನ್ನು ಸರಿ ಎಂದರು. ಇಬಾದತ್‌ಗೇ ಈ ಮಿತಿ ಇದ್ದರೆ ಊರಿನ ಮನೆಯ ಎರಡನೇ ಮಾಳಿಗೆಗೆ ಇಲ್ಲವೇ? ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಬೇರೆಯವರಿಗೆ ಸಲ್ಲಬೇಕಾದದ್ದನ್ನು ತೆಗೆದು ನಮ್ಮ ಲಾಭದಲ್ಲಿ ತೋರಿಸಿದರೆ ಅದು ಲಾಭವಲ್ಲ, ಬಾಕಿ.

ಬಿಡಬೇಕಾಗಿ ಬಂದರೆ

ಕೊನೆಯದಾಗಿ ಒಂದು ಕಷ್ಟದ ಪ್ರಶ್ನೆ. ಇಟ್ಟುಕೊಂಡ ಗುರಿಯನ್ನು ಬಿಡಬಹುದೇ? ಬಿಟ್ಟವನು ಮಾತು ತಪ್ಪಿದವನೇ?

ಇದಕ್ಕೂ ಮದ್ರಸದಲ್ಲಿ ಕಲಿತ ಒಂದು ದಾರಿ ಇದೆ. ಒಬ್ಬನು ಆಣೆ ಮಾಡಿದ ಮೇಲೆ ಅದಕ್ಕಿಂತ ಒಳ್ಳೆಯದು ಕಂಡರೆ, ಆ ಒಳ್ಳೆಯದನ್ನು ಮಾಡಬೇಕು, ಆಣೆಗೆ ಕಫ್ಫಾರ ಕೊಡಬೇಕು. ಹತ್ತು ಮಂದಿ ಬಡವರಿಗೆ ಊಟ ಇಲ್ಲವೇ ಬಟ್ಟೆ, ಅದು ಕೂಡದವನಿಗೆ ಮೂರು ದಿನದ ಉಪವಾಸ. ಹಟಕ್ಕೆ ಬಿದ್ದು ಆಣೆಗೆ ಅಂಟಿಕೊಳ್ಳಬೇಕಾಗಿಲ್ಲ, ಬೆಲೆ ಕೊಡದೆ ಸುಮ್ಮನೆ ಮರೆತುಬಿಡುವ ಹಾಗೂ ಇಲ್ಲ.

ಗುರಿ ಆಣೆಯಲ್ಲ, ಅದಕ್ಕೆ ಕಫ್ಫಾರವೂ ಇಲ್ಲ. ಆದರೆ ಬಿಡುವ ಮರ್ಯಾದೆಯನ್ನು ಇಲ್ಲಿಂದ ಕಲಿಯಬಹುದು. ಅಪ್ಪನಿಗೆ ಕಾಯಿಲೆಯಾಗಿ ಓದು ನಿಲ್ಲಿಸಬೇಕಾಯಿತೇ? ‘ನಿಲ್ಲಿಸಿದ್ದೇನೆ, ಈ ಕಾರಣಕ್ಕೆ’ ಎಂದು ನಿಮಗೆ ನೀವೇ ಸ್ಪಷ್ಟವಾಗಿ ಹೇಳಿಕೊಳ್ಳಿ. ಆ ಗುರಿಯನ್ನು ನಂಬಿ ಸಾಲ ಕೊಟ್ಟವರಿದ್ದರೆ, ಕಾಯುತ್ತಿರುವವರಿದ್ದರೆ ಅವರಿಗೂ ಹೇಳಿ, ಅವರ ಬಾಕಿ ತೀರಿಸಿ. ಹೀಗೆ ಮುಚ್ಚಿದ ಖಾತೆ ಗೌರವದ ಖಾತೆ. ನಷ್ಟಕ್ಕೆ ಕಾರಣ ಹೆಚ್ಚಾಗಿ ಮುಚ್ಚದೆ, ನಡೆಸದೆ, ಹಾಗೆಯೇ ಬಿಟ್ಟ ಖಾತೆ. ಅದು ಪ್ರತಿ ವರ್ಷ ಒಂದು ಕೊರಗನ್ನು ಬಡ್ಡಿಯಂತೆ ಎಳೆದುಕೊಳ್ಳುತ್ತದೆ. ‘ಓದುತ್ತೇನೆ’ ಎಂದು ಹದಿನೈದು ವರ್ಷ ಹೇಳುತ್ತಾ ಓದದವನಿಗಿಂತ, ‘ಇನ್ನು ನಾನು ಓದುವುದಿಲ್ಲ, ನನ್ನ ಮಗಳನ್ನು ಓದಿಸುತ್ತೇನೆ’ ಎಂದು ಒಂದು ದಿನ ನಿರ್ಧರಿಸಿ ಆ ದಿನದಿಂದಲೇ ಅದಕ್ಕೆ ದುಡ್ಡು ಎತ್ತಿಡುವವನು ತನ್ನ ಮಾತಿಗೆ ಹೆಚ್ಚು ಹತ್ತಿರದಲ್ಲಿದ್ದಾನೆ.

ಈ ತಿಂಗಳಲ್ಲಿ ಒಂದು ಕೆಲಸ

ಸಹೋದರರೇ, ಝಕಾತಿಗಾಗಿ ನಮ್ಮಲ್ಲಿ ಹಲವರು ರಮಝಾನಿನಲ್ಲೇ ವರ್ಷದ ಲೆಕ್ಕ ಹಾಕುತ್ತಾರೆ. ಎಷ್ಟು ಉಳಿದಿದೆ, ಎರಡೂವರೆ ಶೇಕಡಾ ಎಷ್ಟಾಯಿತು ಎಂದು ನೋಡುತ್ತಾರೆ. ಆ ಕಾಗದದ ಹಿಂಬದಿಯಲ್ಲಿ ನಿಮ್ಮ ಗುರಿಯನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ಕಳೆದ ಮೂರು ತಿಂಗಳಲ್ಲಿ ಅದಕ್ಕೆ ಕೊಟ್ಟ ಹಣ ಮತ್ತು ಗಂಟೆ ಬರೆಯಿರಿ. ಸೊನ್ನೆ ಎಂದಿದ್ದರೆ ಸೊನ್ನೆ ಎಂದೇ ಬರೆಯಿರಿ. ಆಮೇಲೆ ಎರಡರಲ್ಲಿ ಒಂದನ್ನು ಮಾಡಿ. ಗುರಿ ನಿಮಗೆ ಇನ್ನೂ ಬೇಕಾಗಿದ್ದರೆ ನಾಳೆಯ ಒಂದು ದಿನಕ್ಕೆ ಮಾತ್ರ, ಹೊತ್ತು ಮತ್ತು ಜಾಗ ಹೇಳಿ, ಒಂದು ಸಣ್ಣ ಕೆಲಸ ಗೊತ್ತುಮಾಡಿ. ಬೇಡವಾಗಿದ್ದರೆ ಅದರ ಮೇಲೆ ಒಂದು ಗೆರೆ ಎಳೆದು, ಅದನ್ನು ನಂಬಿದವರಿಗೆ ತಿಳಿಸಿ.

ತರಾವೀಹ್ ಮುಗಿಸಿ ರೂಮಿಗೆ ಬಂದು, ಸಹರಿಗೆ ಅಲಾರಂ ಇಟ್ಟು, ನಾಳೆಯ ಉಪವಾಸಕ್ಕೆ ನಿಯ್ಯತ್ ಮಾಡುತ್ತೀರಲ್ಲ, ಆಗ ಈ ಕಾಗದವನ್ನೂ ಒಮ್ಮೆ ನೋಡಿ. ನಾಳೆ ರಾತ್ರಿ ಮತ್ತೊಮ್ಮೆ ನೋಡಿ. ಈದ್ ಬರುವ ಹೊತ್ತಿಗೆ ಮೂವತ್ತು ಸಣ್ಣ ಜಮೆಗಳು ಆ ಖಾತೆಯಲ್ಲಿರಬಹುದು. ಕೆಲವು ದಿನ ತಪ್ಪಿದ್ದರೆ ಶವ್ವಾಲ್ ತಿಂಗಳಿದೆ.

ನಮ್ಮ ಉಪವಾಸಗಳನ್ನೂ ದುಡಿಮೆಯನ್ನೂ ಅಲ್ಲಾಹನು ಸ್ವೀಕರಿಸಲಿ. ಯಾವುದಕ್ಕಾಗಿ ಊರು ಬಿಟ್ಟು ಬಂದೆವೋ ಅದರಲ್ಲಿ ಒಳಿತಿರುವುದನ್ನು ನಮಗೆ ಸುಲಭ ಮಾಡಿಕೊಡಲಿ, ಒಳಿತಿಲ್ಲದ್ದನ್ನು ಬಿಡುವ ಧೈರ್ಯ ಕೊಡಲಿ. ಊರಿನಲ್ಲಿ ನಮ್ಮ ದಾರಿ ನೋಡುತ್ತಿರುವವರನ್ನು ಕಾಪಾಡಲಿ. ಆಮೀನ್.